ರಾಯಭಾರಿಗೆ ಮುಟ್ಟದ ಮಾತು

ನನ್ನ ಅಕ್ಕ ಪೋಪರ ರಾಯಭಾರಿಗೆ ಹೇಳಿದ ಮಾತನ್ನು ನಾನು ಅವರಿಗೆ ಮುಟ್ಟಿಸಲಿಲ್ಲ. ಅವರು ಆಡದೇ ಇದ್ದ ಮಾತನ್ನು ಅವರ ಹೆಸರಿನಲ್ಲಿ ಅಕ್ಕನಿಗೆ ಹೇಳಿದೆ. ಇಬ್ಬರ ನಡುವೆ ನಿಂತಿದ್ದವನು ನಾನೊಬ್ಬನೇ. ಇಬ್ಬರೂ ನನ್ನನ್ನು ನಂಬಿದರು.

ಮೊದಲ ಸಾಲಿನಲ್ಲೇ ಇದನ್ನು ಬರೆದುಬಿಟ್ಟೆ. ಹಾಗೆ ಮಾಡದಿದ್ದರೆ ಊರಿನ ಕಥೆ, ಮನೆತನದ ಕಥೆ ಎಂದು ಸುತ್ತು ಹೊಡೆದು, ಕೊನೆಗೆ ಹೇಳದೆಯೇ ಎದ್ದುಬಿಡುತ್ತೇನೆ ಎಂದು ನನಗೆ ಗೊತ್ತು — ಇಷ್ಟು ವರ್ಷ ಅದನ್ನೇ ಮಾಡಿದ್ದೇನೆ.

ಅಕ್ಕ ಈ ವರ್ಷದ ತಪಸ್ಸುಕಾಲದಲ್ಲಿ ತೀರಿಕೊಂಡಳು. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳನ್ನು ನಾವು ಕ್ರೈಸ್ತರು ಹಾಗೆ ಕರೆಯುತ್ತೇವೆ. ಅವಳ ಹೆಸರು ರೋಜವ್ವ. ಬನಹಟ್ಟಿಯಲ್ಲಿ ನೇಕಾರರ ಓಣಿಯ ಕೊನೆಗೆ ಅವಳ ಮನೆ. ಆ ಕೊನೆಯಲ್ಲಿ ನಮ್ಮವು ಬೆರಳೆಣಿಕೆಯ ಕೆಥೊಲಿಕ್ ಮನೆಗಳಿವೆ, ಒಂದು ಚಿಕ್ಕ ಚರ್ಚಿದೆ. ಅಕ್ಕನ ಗಂಡ ಇನಾಸಪ್ಪ ಮಗ್ಗದ ಕೆಲಸ ಮಾಡುತ್ತಿದ್ದ. ನಾನು ಅವನನ್ನು ಮಾಮಾ ಎನ್ನುತ್ತಿದ್ದೆ. ಅಕ್ಕ ಕಂಡಿಕಿ ಸುತ್ತುತ್ತಿದ್ದಳು — ಲಾಳಿಯೊಳಗೆ ಕೂಡಿಸುವ ಚಿಕ್ಕ ಕೊಳವೆಗೆ ನೂಲು ತುಂಬುವ ಕೆಲಸ. ನಮ್ಮ ತಾಯಿ ಬೇಗ ಹೋದ ಕಾರಣ ನನ್ನನ್ನು ಬೆಳೆಸಿದವಳು ಅವಳೇ. ಪಾದ್ರಿಗಳ ಹಾಸ್ಟೆಲ್‌ಗೆ ನನ್ನನ್ನು ಸೇರಿಸಿ, "ಇಂಗ್ಲಿಷ್ ಕಲಿ, ನಾಳೆ ನಮ್ಮ ಮಂದಿಗಿ ಒಂದು ಬಾಯಿ ಆಗ್ತೈತಿ" ಎಂದಿದ್ದಳು. ನಾನು ಕಲಿತೆ. ಬಾಯಿಯಂತೂ ಆದೆ.

ಮಾಮಾ ಎದೆನೋವಿನಿಂದ ಒಂದು ಮಧ್ಯಾಹ್ನ ಮಗ್ಗದ ಮುಂದೆಯೇ ಕುಸಿದು ತೀರಿಕೊಂಡ. ಊರ ಹೊರಗೆ ಹಳ್ಳದ ದಂಡೆಯಲ್ಲಿ, ನಮ್ಮ ಹಿರಿಯರನ್ನೆಲ್ಲ ಮಣ್ಣು ಮಾಡಿದ ಕಡೆಯೇ ಅವನನ್ನೂ ಮಣ್ಣು ಮಾಡಿದೆವು. ಅದು ಗಾಯರಾಣ ಜಾಗ, ಅಂದರೆ ದನ ಮೇಯಿಸಲು ಬಿಟ್ಟ ಸರಕಾರಿ ನೆಲ. ಅಲ್ಲಿ ನಮ್ಮವರ ಗೋರಿಗಳಿದ್ದವೇ ಹೊರತು ನಮ್ಮದು ಎನ್ನುವ ಒಂದು ಚೂರು ಕಾಗದವಿರಲಿಲ್ಲ. ಮಾಮಾ ಹೋದ ಮುಂದಿನ ವರ್ಷವೇ ಆ ಜಾಗ ಸಾರ್ವಜನಿಕ ಕೆಲಸಕ್ಕೆ ಬೇಕಾಗಿದೆ, ಇರುವ ಗೋರಿಗಳನ್ನು ಯಾರೂ ಮುಟ್ಟುವುದಿಲ್ಲ, ಆದರೆ ಹೊಸದಾಗಿ ಹೂಳುವಂತಿಲ್ಲ ಎಂದು ಸರಕಾರಿ ಕಚೇರಿಯವರು ಹೇಳಿದರು. ಸಿಟ್ಟಿನಿಂದೇನೂ ಹೇಳಲಿಲ್ಲ. ಅರ್ಜಿ ಕೊಡಿರಿ, ಬೇರೆ ಜಾಗ ನೋಡೋಣ ಎಂದರು. ಕೊಟ್ಟೆವು. ಮತ್ತೆ ಕೊಟ್ಟೆವು.

ಅಕ್ಕನಿಗೆ ಬೇಕಾಗಿದ್ದದ್ದು ಒಂದೇ. ಸತ್ತ ಮೇಲೆ ಮಾಮಾನ ಮಗ್ಗುಲಲ್ಲಿ ಮಲಗಬೇಕು. ಆ ಮಾತನ್ನು ಅವಳು ಅಳುತ್ತ ಹೇಳುತ್ತಿರಲಿಲ್ಲ. ಬಸ್ಸಿನಲ್ಲಿ ಜಾಗ ಹಿಡಿಯಲು ಹೇಳುವಷ್ಟು ಸಹಜವಾಗಿ ಹೇಳುತ್ತಿದ್ದಳು. "ನಂದೊಂದು ಜಾಗಾ ಅಲ್ಲಿ ಇರ್ಲಿ ನೋಡೋ ಸಾವೇರಾ."

ಅಂಥ ದಿನಗಳಲ್ಲಿ ಪೋಪರ ರಾಯಭಾರಿ ನಮ್ಮ ಊರಿಗೆ ಬರುತ್ತಾರೆಂಬ ಸುದ್ದಿ ಬಂತು.

ಅವರು ಯಾರು ಎನ್ನುವುದೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಫಾದರ್ ಪೂಜೆಯ ನಂತರ ತಿಳಿಸಿ ಹೇಳಿದರು. ದಿಲ್ಲಿಯಲ್ಲಿ ಬೇರೆ ಬೇರೆ ದೇಶಗಳ ರಾಯಭಾರಿಗಳಿರುವಂತೆ ಪೋಪರಿಗೂ ಒಬ್ಬ ರಾಯಭಾರಿ ಇರುತ್ತಾರೆ. ಎಲ್ಲ ರಾಯಭಾರಿಗಳ ಹಾಗೆ ರಾಷ್ಟ್ರಪತಿಗಳ ಮುಂದೆ ನಿಂತು ತಮ್ಮ ನೇಮಕದ ಪತ್ರ ಒಪ್ಪಿಸುತ್ತಾರೆ. ಆದರೆ ಅವರು ಪಾದ್ರಿಯೂ ಹೌದು, ಬಿಷಪ್ಪರಿಗೆ ಸಮನಾದ ಪದವಿಯವರು. ನಮ್ಮ ಸರಕಾರದ ಎದುರು ಪೋಪರ ಪರವಾಗಿ ಮಾತಾಡುವುದು ಒಂದು ಕೆಲಸವಾದರೆ, ಇಲ್ಲಿನ ಚರ್ಚುಗಳು ಹೇಗಿವೆ, ಜನ ಹೇಗಿದ್ದಾರೆ ಎಂದು ನೋಡಿ ರೋಮಿಗೆ ತಿಳಿಸುವುದು ಇನ್ನೊಂದು. ನಮ್ಮ ಬಿಷಪ್ಪರ ಸೀಮೆಯಾದ ಧರ್ಮಪ್ರಾಂತ್ಯದ ಯಾವುದೋ ದೊಡ್ಡ ಹಬ್ಬಕ್ಕೆ ಬಂದವರು, ದಾರಿಯಲ್ಲಿ ಒಂದು ಸಣ್ಣ ಚರ್ಚನ್ನೂ ನೋಡಬೇಕು ಎಂದಿದ್ದರಂತೆ. ಅದು ನಮ್ಮದಾಯಿತು.

ಓಣಿಯಲ್ಲಿ ಬೇರೆ ಮಾತೇ ಇರಲಿಲ್ಲ. ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು ಹೆಂಗಸರು ಮಾತಾಡುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ.

"ರಾಯಭಾರಿ ಅಂದ್ರ ಪೋಪಗ ಮಿಲಿಟ್ರಿನೂ ಐತೇನ?"

"ಐತಂತ. ಪಟ್ಟಿಪಟ್ಟಿ ಬಣ್ಣದ ಅಂಗಿ ಹಾಕ್ಕೊಂಡು ನಿಂತಿರ್ತಾರ, ಫೋನಿನಾಗ ನೋಡೇನಿ."

"ಹಂಗಾದ್ರ ನಮ್ಮ ಬನಹಟ್ಟಿ ಸೀರಿ ಕಂಡ್ರ ಬಿಡಾಂಗಿಲ್ಲ ಬಿಡ ಅವರು, ಅಂಗಿ ಹೊಲಿಸ್ಕೊಂಡ ಹೋಗ್ತಾರ!"

ನಾನು ಆಗ ಜಮಖಂಡಿಯ ಒಂದು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಟೈಪಿಂಗ್ ಕೆಲಸ ಮಾಡುತ್ತಿದ್ದೆ. ಇಂಗ್ಲಿಷ್ ಬರುವವನು, ಅಧಿಕಾರಿಗಳ ಪರಿಚಯ ಇದ್ದವನು ಎಂದು ಎಲ್ಲ ಓಡಾಟ ನನ್ನ ತಲೆಯ ಮೇಲೆ ಬಂತು. ಸುಳ್ಳು ಏಕೆ ಹೇಳಲಿ — ಒಳಗೊಳಗೇ ಬೀಗಿದ್ದೆ. ವೇದಿಕೆಯ ಮೇಲೆ ನಮ್ಮ ದೇಶದ ಬಾವುಟದ ಜೊತೆ ಅವರ ಬಾವುಟವೂ ಇರಬೇಕು ಎಂದರು. ಹಳದಿ, ಬಿಳಿ. ಬಟ್ಟೆ ತಂದು ಟೇಲರ್‌ಗೆ ಕೊಟ್ಟೆ. ಅವನು, "ಹಳದಿ ಮ್ಯಾಲಿರಬೇಕೋ ಕೆಳಗಿರಬೇಕೋ?" ಎಂದ. ಎಡಕ್ಕಿರಬೇಕು ಎಂದು ಫಾದರ್‌ಗೆ ಫೋನ್ ಮಾಡಿ ಕೇಳಿಯೇ ತಿಳಿದದ್ದು.

ಬಂದೋಬಸ್ತಿನ ಪೊಲೀಸ್ ಸಾಹೇಬರು ಜಾಗ ನೋಡಲು ಬಂದಾಗ ನನ್ನನ್ನು ಬದಿಗೆ ಕರೆದರು.

"ಖರೆ ಹೇಳ್ರಿ, ಅವರು ಸ್ವಾಮಿಗೋಳೋ, ಸಾಹೇಬ್ರೋ?"

"ಎರಡೂ ಹೌದ್ರಿ."

"ಹಂಗಾದ್ರ ನಾ ಸೆಲ್ಯೂಟ್ ಹೊಡೀಬೇಕೋ, ಕಾಲಿಗಿ ಬೀಳಬೇಕೋ?"

"ಮೊದಲ ಸೆಲ್ಯೂಟ್ ಹೊಡೀರಿ. ಆಮ್ಯಾಲಿಂದು ಅವರ ನೋಡ್ಕೋತಾರ."

ಇದನ್ನು ಅಕ್ಕನಿಗೆ ಹೇಳಿ ನಕ್ಕೆ. ಅವಳು ನಗಲಿಲ್ಲ. ಕಂಡಿಕಿ ಸುತ್ತುವ ಕೈ ನಿಲ್ಲಿಸಿ ಕೇಳಿದಳು: "ಎರಡೂ ಹೌದಾ? ಅಂದ್ರ ಒಂದು ಕೈ ದೇವ್ರ ಕಡಿ, ಒಂದು ಕೈ ಸರಕಾರದ ಕಡಿ. ಹಂಗಾದ್ರ ನಮ್ಮ ಜಾಗದ ಮಾತು ಅವರಿಗೇ ಹೇಳಬೇಕಲ್ಲೋ."

ನಾನು ಮಾತು ತೇಲಿಸಿದೆ. ಅದೇ ದಿನ ಒಬ್ಬ ಅಧಿಕಾರಿ ನನಗೆ ಚಹಾ ಕೊಡಿಸಿ ಹೇಳಿದ್ದರು: "ನೋಡಪಾ, ಅವರು ಪರದೇಶದ ರಾಯಭಾರಿ, ಸರಕಾರದ ಅತಿಥಿ. ಅವರ ಮುಂದ ಊರ ತಕರಾರು ತಗದ್ರ ಅದು ಎಲ್ಲೆಲ್ಲೋ ಹೋಗಿ ನಿಂದರತೈತಿ. ಛಂದಂಗ ಬಂದು ಛಂದಂಗ ಹೋಗ್ಲಿ." ಅಷ್ಟೇ. ಅವರು ನನ್ನನ್ನು ಹೆದರಿಸಲಿಲ್ಲ. ನೌಕರಿಯ ಮಾತು ಎತ್ತಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಯಾಕೆಂದರೆ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ — ಹೆದರಿಸಿದ್ದರು, ಅದಕ್ಕೇ ಬಾಯಿ ಕಟ್ಟಿತು ಎಂದು. ಇಲ್ಲ.

ಆ ದಿನ ಬಂತು. ಕಾರುಗಳು, ಮುಂದೊಂದು ಪೊಲೀಸ್ ಜೀಪು. ನಮ್ಮ ಓಣಿಯ ಮಗ್ಗಗಳೆಲ್ಲ ಒಂದು ಹೊತ್ತು ನಿಂತಿದ್ದವು. ಆ ಸದ್ದಿಲ್ಲದೆ ಓಣಿ ಬೇರೆಯವರ ಓಣಿಯ ಹಾಗೆ ಇತ್ತು. ರಾಯಭಾರಿ ಎತ್ತರದ, ಸ್ವಲ್ಪ ಬೆನ್ನು ಬಾಗಿದ ಮನುಷ್ಯ. ಬಿಳಿಯ ನಿಲುವಂಗಿ, ಎದೆಯ ಮೇಲೆ ಶಿಲುಬೆ. ಬಿಸಿಲಿಗೆ ಮುಖ ಕೆಂಪಾಗಿತ್ತು. ಪೊಲೀಸ್ ಸಾಹೇಬರು ಸೆಲ್ಯೂಟ್ ಹೊಡೆದರು. ಅವರು ಕೈ ಜೋಡಿಸಿ, ಮತ್ತೆ ಆ ಕೈಯನ್ನೇ ಮುಂದೆ ಚಾಚಿ ಕುಲುಕಿದರು.

ಪೂಜೆ ಆಯಿತು, ಭಾಷಣ ಆಯಿತು. ಬಿಷಪ್ಪರು ಮತ್ತು ಅಧಿಕಾರಿಗಳು ಫಾದರ್ ಕೋಣೆಯೊಳಗೆ ಚಹಾಕ್ಕೆ ಕೂತರು. ಫಾದರ್ ಊಟದ ವ್ಯವಸ್ಥೆಗೆ ಹೋದರು. ರಾಯಭಾರಿ ಒಳಗೆ ಕೂಡಲಿಲ್ಲ. ಅಂಗಳಕ್ಕೆ ಬಂದು, "ಜನರನ್ನು ನೋಡುತ್ತೇನೆ, ನೀವು ನನ್ನ ಜೊತೆ ನಿಲ್ಲಿ" ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ನಮ್ಮ ಪದ್ಧತಿಯಂತೆ ಸಾಲು ಹಚ್ಚಿ ಒಬ್ಬೊಬ್ಬರಾಗಿ ಬಂದು ಅವರ ಉಂಗುರಕ್ಕೆ ಮುತ್ತಿಟ್ಟು, ಎರಡು ಮಾತು ಹೇಳಿ ಮುಂದೆ ಹೋಗತೊಡಗಿದರು. ಒಬ್ಬಳ ಮಗಳಿಗೆ ಮದುವೆಯಾಗಲಿ, ಒಬ್ಬನ ಮೊಣಕಾಲು ನೆಟ್ಟಗಾಗಲಿ. ಎಲ್ಲವನ್ನೂ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಪ್ರತಿಯೊಬ್ಬರ ಮುಖ ನೋಡಿ ಕೇಳಿಸಿಕೊಳ್ಳುತ್ತಿದ್ದರು.

ಅಕ್ಕ ಬಂದಳು. ಒಳ್ಳೆಯ ಸೀರೆಯನ್ನೇ ಉಟ್ಟಿದ್ದಳು. ಆದರೆ ಬೆಳಿಗ್ಗೆ ಕೆಲಸ ಮುಗಿಸಿ ಬಂದವಳು — ಕೂದಲಲ್ಲಿ, ಹುಬ್ಬಿನಲ್ಲಿ ನೂಲಿನ ಬಿಳಿ ಧೂಳು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ನನ್ನನ್ನು ಓದಿಸಿದ ಧೂಳು ಅದು. ಬರೆಯುವಾಗ ಕೈ ಹಿಂದೆ ಸರಿಯುತ್ತದೆ. ಆದರೂ ಆ ಕ್ಷಣ ಆದದ್ದು ನಾಚಿಕೆಯೇ.

ಅವಳು ಉಂಗುರಕ್ಕೆ ಮುತ್ತಿಟ್ಟವಳು ಕೈ ಬಿಡಲಿಲ್ಲ. ಹಿಡಿದುಕೊಂಡೇ ಮಾತಾಡಿದಳು.

"ಅಪ್ಪಾರೀ, ನನ್ನ ಗಂಡನ್ನ ಹಳ್ಳದ ದಂಡಿಮ್ಯಾಲೆ ಮಣ್ಣ ಮಾಡೀವಿ. ಅದು ನಮ್ಮ ಜಾಗಾ ಅಲ್ಲಂತ. ಇನ್ನ ಮ್ಯಾಲೆ ಅಲ್ಲಿ ಯಾರನ್ನೂ ಇಡಬ್ಯಾಡ್ರಿ ಅಂದಾರ. ಅರ್ಜಿ ಕೊಟ್ಟ ಕೊಟ್ಟ ಸಾಕಾಗೇತ್ರಿ. ನಾ ಯಾರ ಮ್ಯಾಲೂ ಚಾಡಿ ಹೇಳಾಕ ಬಂದಿಲ್ಲ. ನಮ್ಮ ಮಂದಿಗಿ ಒಂದೀಟ ಮಣ್ಣ ಬೇಕ್ರಿ, ನಾ ಸತ್ತ ಮ್ಯಾಲೆ ಅವನ ಮಗ್ಗಲಿಗಿ ಇಡಾಕ. ನೀವು ದಿಲ್ಲಿಯಾಗ ದೊಡ್ಡವರ ಜೋಡಿ ಕುಂಡ್ರಾವ್ರು. ಒಂದು ಮಾತು ಹೇಳ್ರಿ."

ಇಷ್ಟು ಹೇಳಿ ನನ್ನ ಕಡೆ ತಿರುಗಿದಳು. ಈಗ ನೀನು ಹೇಳು ಎನ್ನುವಂತೆ.

ಆಗಲೇ ಫಾದರ್ ಕೋಣೆಯ ಬಾಗಿಲಲ್ಲಿ, ನನಗೆ ಚಹಾ ಕೊಡಿಸಿದ್ದ ಆ ಅಧಿಕಾರಿ ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತ ಬಂದು ನಿಂತರು. ನಮ್ಮ ಕಡೆ ನೋಡುತ್ತಿದ್ದರೋ ಇಲ್ಲವೋ — ಗೊತ್ತಿಲ್ಲ. ನಾನು ಅವರನ್ನು ನೋಡಿದೆ. ಆಮೇಲೆ ರಾಯಭಾರಿಗೆ ಇಂಗ್ಲಿಷಿನಲ್ಲಿ ಹೇಳಿದೆ: "ಈಕೆಯ ಗಂಡ ತೀರಿಕೊಂಡಿದ್ದಾನೆ. ನಿಮ್ಮ ಆಶೀರ್ವಾದ ಬೇಡುತ್ತಿದ್ದಾಳೆ."

ಅವರು ನನ್ನ ಮುಖ ನೋಡಿದರು. ಅಕ್ಕನ ಮುಖ ನೋಡಿದರು. ಮತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಆಕೆ ಬಹಳ ಮಾತಾಡಿದರು. ಅಷ್ಟೇನಾ?"

ನಾನು ಹೇಳಿದೆ: "ಅಷ್ಟೇ."

ಆ ಒಂದು ಶಬ್ದ. ಅವರು ಬಾಗಿಲು ತೆರೆದಿಟ್ಟು ಕೇಳಿದ್ದರು, ನಾನು ಮುಚ್ಚಿದೆ.

ಅವರು ಅಕ್ಕನ ಎರಡೂ ಕೈ ಹಿಡಿದು, ನಿಮ್ಮ ದುಃಖವನ್ನು ನನ್ನ ಪ್ರಾರ್ಥನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದರು. ತಲೆಯ ಮೇಲೆ ಕೈಯಿಟ್ಟರು. ಅಕ್ಕ ಕದಲಲಿಲ್ಲ. ಅವಳಿಗೆ ಉತ್ತರ ಬೇಕಾಗಿತ್ತು. ಹಿಂದೆ ಸಾಲು ಬೆಳೆದಿತ್ತು. "ಏನಂದ್ರೋ?" ಎಂದು ನನ್ನನ್ನು ಕೇಳಿದಳು.

"ದಿಲ್ಲಿಯಾಗ ಹೇಳ್ತೇನಿ ಅಂದ್ರಕ್ಕಾ. ನೀ ನಡಿ."

ಅವಳನ್ನು ಅಲ್ಲಿಂದ ಕದಲಿಸಲು ಹೇಳಿದ ಮಾತು ಅದು. ಬೇರೆ ಯೋಚನೆಯೇ ಇರಲಿಲ್ಲ. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ರಾಯಭಾರಿಯೂ ನೋಡಿದರು. ತಮ್ಮ ಪ್ರಾರ್ಥನೆಯ ಮಾತಿಗೆ ಒಬ್ಬ ವಿಧವೆ ಇಷ್ಟು ಸಂತೋಷಪಟ್ಟಳು ಎಂದು ಅವರು ತಿಳಿದಿರಬೇಕು. ಅವರ ಕಣ್ಣು ಒದ್ದೆಯಾಗಿತ್ತು.

ಸಂಜೆಗೆ ಓಣಿಯ ಮಗ್ಗಗಳು ಮತ್ತೆ ಸುರುವಾದವು. ಅಷ್ಟರೊಳಗೆ ಎಲ್ಲರ ಬಾಯಲ್ಲೂ ಅದೇ ಸುದ್ದಿ: ರೋಜವ್ವ ಜಾಗ ಕೇಳಿದಳು, ಪೋಪರ ರಾಯಭಾರಿ ಆಗಲಿ ಎಂದರು. ನಾಲ್ಕು ಜನ ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಆಗ ಸರಿಮಾಡಬಹುದಿತ್ತು. ಒಂದು ವಾರದೊಳಗೆ, ಒಂದು ತಿಂಗಳೊಳಗೆ — ಅಕ್ಕಾ, ನಾನು ಹಾಗೆ ಹೇಳಲಿಲ್ಲ, ಅವರೂ ಹಾಗೆ ಅನ್ನಲಿಲ್ಲ ಎಂದುಬಿಡಬಹುದಿತ್ತು. ಬೈಯುತ್ತಿದ್ದಳು. ಎರಡು ದಿನ ಮಾತು ಬಿಡುತ್ತಿದ್ದಳು. ಅಷ್ಟಕ್ಕೇ ಮುಗಿಯುತ್ತಿತ್ತು. ಮುಗಿಸಲಿಲ್ಲ.

ನನ್ನ ಸುಳ್ಳಿನಿಂದ ಆದದ್ದು ಮನಸ್ಸಿನ ನೋವಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿದ್ದೆನೋ ಇಲ್ಲವೋ. ಅದು ನೆಲವನ್ನೇ ಕಳೆಯಿತು.

ಹಳ್ಳದ ದಂಡೆಯ ಗೋರಿಗಳಿಗೆ ಹತ್ತಿಕೊಂಡ ಹೊಲ ಸಿದ್ದಪ್ಪ ಎಂಬ ಹಿರಿಯರದು. ಕುರುಬರ ಮನೆತನ, ಬೀರೇಶ್ವರನ ಭಕ್ತರು. ಕುರಿ ಕಾಯುತ್ತ ಆ ದಂಡೆಯಲ್ಲೇ ಬೆಳೆದವರು. ನಮ್ಮವರ ಗೋರಿಯ ಮೇಲೆ ಕುರಿ ಹತ್ತಿದರೆ ತಾವೇ ಬೈದು ಇಳಿಸುತ್ತಿದ್ದರು. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ರಾಯಭಾರಿ ಬಂದು ಹೋದ ಕೆಲವು ತಿಂಗಳಿಗೆ, ಒಂದು ದಿನ ಅಕ್ಕ ಮತ್ತು ನಾನು ಮಾಮಾನ ಗೋರಿಗೆ ಹೂ ಇಡಲು ಹೋದಾಗ, ಕಾಕಾ ನಮ್ಮನ್ನು ಗುಡಿಸಲಿಗೆ ಕರೆದು ರೊಟ್ಟಿ ಕೊಟ್ಟರು. ಊಟದ ನಡುವೆ ಹೇಳಿದರು:

"ತಂಗೀ, ಗೋರಿ ಮಗ್ಗಲಕ ನನ್ನ ಹೊಲದಾಗ ಎರಡು ಗುಂಟೆ ಕಲ್ಲ ನೆಲ ಐತಿ. ಅಲ್ಲಿ ಏನೂ ಬೆಳಿಯೂದಿಲ್ಲ. ನಿಮ್ಮ ಮಂದಿ ಹೆಸರಿಗಿ ಬರದ ಕೊಡ್ತೇನಿ, ತಗೋರಿ. ನಾ ಇರೂಮಟ ಆಗ್ಲಿ ಈ ಕೆಲಸ. ನನ್ನ ಹುಡುಗ್ರ ತಲಿ ನನಗ ಗೊತ್ತಿಲ್ಲ."

ಅಕ್ಕ ಎರಡೂ ಕೈ ಮುಗಿದಳು. "ಬ್ಯಾಡ ಕಾಕಾ. ಇರೂದ ನಿಂದೊಂದು ತುಣುಕ ಹೊಲ, ಅದನ್ನೂ ಯಾಕ ಕಳಕೋತಿ? ನಮ್ಮ ಮಾತು ದಿಲ್ಲಿಗಿ ಹೋಗೈತಿ. ಪೋಪರ ರಾಯಭಾರಿನ ಮಾತು ಕೊಟ್ಟಾನ. ಕೇಳ ಬೇಕಾರ ಇವನ್ನ, ಇವನೇ ಮುಂದ ನಿಂತು ಹೇಳಿಸಿದಾಂವ."

ಕಾಕಾ ನನ್ನ ಕಡೆ ನೋಡಿ ನಕ್ಕರು. "ಹೌದೇನಲೇ, ದೊಡ್ಡ ಮನಶ್ಯಾ ಆಗಿಬಿಟ್ಟಿಯಲ್ಲ! ದಿಲ್ಲಿತನಕಾ ಹೋತು ನಿನ್ನ ಬಾಯಿ!"

ನಾನು ರೊಟ್ಟಿ ಮುರಿದೆ. ಅದ್ದಿಕೊಂಡೆ. ತಿಂದೆ. ಒಂದು ಮಾತೂ ಆಡಲಿಲ್ಲ.

ಚರ್ಚಿನ ಅಂಗಳದಲ್ಲಿ ಆದದ್ದು ಹೆದರಿಕೆಯೋ ನಾಚಿಕೆಯೋ ಏನೋ ಒಂದು, ಒಂದು ಗಳಿಗೆಯ ಮಾತು. ಗುಡಿಸಲಲ್ಲಿ ಆದದ್ದು ಹಾಗಲ್ಲ. ಅಲ್ಲಿ ಯಾವ ಅಧಿಕಾರಿಯೂ ಇರಲಿಲ್ಲ, ಸಾಲೂ ಇರಲಿಲ್ಲ. ಅಕ್ಕನ ಜಾಗ ಅಕ್ಕನ ಕೈಗೆ ಬಂದು ನಿಂತಿತ್ತು. ಅವಳು ನನ್ನ ಸುಳ್ಳನ್ನು ನಂಬಿ ಅದನ್ನು ಹಿಂದಕ್ಕೆ ತಳ್ಳಿದಳು. ನಾನು ನೋಡುತ್ತ ಕೂತೆ — ಯೋಚನೆ ಮಾಡಿಯೇ ಕೂತೆ.

ಸಿದ್ದಪ್ಪ ಕಾಕಾ ಮರುವರ್ಷ ತೀರಿಕೊಂಡರು. ಮಕ್ಕಳು ಕೆಟ್ಟವರಲ್ಲ. ಹೊಲಕ್ಕೆ ಪೈಪ್‌ಲೈನ್ ತಂದರು, ಕಲ್ಲು ಆರಿಸಿದರು, ಕಬ್ಬು ಹಚ್ಚಿದರು. ಆ ಎರಡು ಗುಂಟೆಯೂ ಕಬ್ಬಾಯಿತು. ಗಾಯರಾಣದ ಸುತ್ತ ತಂತಿ ಬೇಲಿ ಬಂತು. ಹಳೆಯ ಗೋರಿಗಳು ಬೇಲಿಗೂ ಹಳ್ಳಕ್ಕೂ ನಡುವೆ ಒಂದು ಸಣ್ಣ ಪಟ್ಟಿಯಲ್ಲಿ ಉಳಿದವು. ಮಾಮಾನ ಮಗ್ಗುಲಲ್ಲಿ ಈಗ ಬೇಲಿಯ ಕಂಬವಿದೆ.

ಅಕ್ಕ ಕಾಯುತ್ತಲೇ ಇದ್ದಳು. ಆ ರಾಯಭಾರಿಗೆ ಬೇರೆ ದೇಶಕ್ಕೆ ವರ್ಗವಾಯಿತು ಎಂಬ ಸುದ್ದಿ ಒಂದು ರವಿವಾರ ಗೊತ್ತಾಯಿತು. "ಹೋಗೂ ಮುಂದ ಹೊಸಾವ್ರಿಗಿ ಹೇಳಿ ಹೋಗಿರ್ತಾರ ಹೌದಿಲ್ಲೋ?" ಎಂದು ಕೇಳಿದಳು. "ಹೇಳಿರ್ತಾರಕ್ಕಾ," ಎಂದೆ. ಪೋಪರು ತೀರಿಕೊಂಡ ದಿನ ಟೀವಿಯ ಮುಂದೆ ಕೂತು ಕಣ್ಣೊರೆಸಿಕೊಂಡಳು. "ಪಾಪ, ಆ ಮುದುಕಗ ನಮ್ಮ ಸುದ್ದಿ ಮುಟ್ಟಿತ್ತೋ ಇಲ್ಲೋ." ನಾನು ಎದ್ದು ಹೊರಗೆ ಹೋದೆ. ಟೀವಿಯಲ್ಲಿ ಒಂದು ಇಡೀ ಚೌಕ ತುಂಬಿದ ಜನ ಅಳುತ್ತಿದ್ದರು. ನನ್ನ ಅಕ್ಕ ಅಳುತ್ತಿದ್ದ ಕಾರಣ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನಮ್ಮಲ್ಲಿ ಫಾದರ್ ಮುಂದೆ ಪಾಪನಿವೇದನೆ ಮಾಡುವ ಪದ್ಧತಿ ಇದೆ. ನಾನೂ ವರ್ಷವರ್ಷ ಮಾಡಿದ್ದೇನೆ. ಸಿಟ್ಟು ಮಾಡಿದೆ, ಪೂಜೆ ತಪ್ಪಿಸಿದೆ, ಸುಳ್ಳು ಹೇಳಿದೆ — ಹೀಗೆ ಸಣ್ಣವುಗಳ ನಡುವೆ ಇದನ್ನೂ ತೂರಿಸಿಬಿಡುತ್ತಿದ್ದೆ, ಜೋಳದ ಚೀಲದಲ್ಲಿ ಕಲ್ಲು ತೂರಿಸಿದ ಹಾಗೆ. ಒಂದಿಷ್ಟು ನಮೋ ಮರಿಯಾ ಜಪ ಹೇಳು ಎನ್ನುತ್ತಿದ್ದರು. ಹೇಳಿ ಎದ್ದು ಬರುತ್ತಿದ್ದೆ. ಹಗುರಾದೆ ಎಂದು ಒಂದು ಸಲವೂ ಅನ್ನಿಸಲಿಲ್ಲ.

ನನ್ನ ಹತ್ತಿರ ಒಂದು ಸಮಾಧಾನವಿತ್ತು. ಹೇಳಿದ್ದರೂ ಅವರು ಏನು ಮಾಡುತ್ತಿದ್ದರು? ರಾಯಭಾರಿಯಾದವರು ಇನ್ನೊಂದು ದೇಶದ ಒಳಗಿನ ವಿಷಯಕ್ಕೆ ಕೈ ಹಾಕುವ ಹಾಗಿಲ್ಲ. ಬನಹಟ್ಟಿಯ ಹಳ್ಳದ ದಂಡೆಯ ಮಾತನ್ನು ದಿಲ್ಲಿಯ ಯಾವ ಮೇಜಿನ ಮೇಲೆ ಇಡುತ್ತಿದ್ದರು? ಈ ಒಂದು ಯೋಚನೆಯ ಮೇಲೆ ಬಹಳ ವರ್ಷ ಒರಗಿ ಕೂತಿದ್ದೆ.

ಹೋದ ವರ್ಷ ಹೊಸದಾಗಿ ಬಂದ ಫಾದರ್, ಕರಾವಳಿ ಕಡೆಯ ಚಿಕ್ಕ ವಯಸ್ಸಿನವರು, ಬೈಕಿನ ಹಿಂದೆ ನನ್ನನ್ನು ಕೂಡಿಸಿಕೊಂಡು ತೇರದಾಳಕ್ಕೆ ಹೊರಟಿದ್ದರು. ಸುಮ್ಮನೆ ಕೇಳುವವನ ಹಾಗೆ ಕೇಳಿದೆ: ಫಾದರ್, ಪೋಪರ ರಾಯಭಾರಿಯ ಹತ್ತಿರ ಒಂದು ಊರಿನ ಸ್ಮಶಾನದ ಜಾಗ ಕೇಳಿದರೆ ಏನಾಗುತ್ತದೆ?

"ಸರಕಾರದ ಹತ್ರ ಅವರು ಕೇಳ್ಲಿಕ್ಕೆ ಆಗುದಿಲ್ಲ," ಎಂದರು. ನನ್ನ ಎದೆ ನಿರಾಳವಾಯಿತು. ಆದರೆ ಅವರು ಮುಂದುವರಿಸಿದರು. "ಆದ್ರೆ ಬಿಷಪರತ್ರ ಒಂದು ಮಾತು ಕೇಳಿದ್ರೆ ಸಾಕು. 'ಅಲ್ಲಿನ ಜನಕ್ಕೆ ಹೂಳ್ಲಿಕ್ಕೆ ಜಾಗ ಇಲ್ವಂತೆ, ಏನು ಮಾಡಿದ್ರಿ?' ಅಂತ. ಮತ್ತೆ ಬಿಷಪರು ಸುಮ್ನೆ ಕೂತ್ಕೊಳ್ತಾರಾ? ವಕೀಲರನ್ನು ಕಳಿಸ್ತಾರೆ, ದುಡ್ಡು ಹೊಂದಿಸ್ತಾರೆ, ಬೇರೆ ಜಾಗ ಖರೀದಿ ಮಾಡ್ತಾರೆ. ಸಣ್ಣ ಊರಿಗೆ ಅವರು ಹೋಗುದೇ ಅದಕ್ಕೆ ಮಾರಾಯ್ರೇ. ಹೇಳುವವರು ಹೇಳ್ಬೇಕಷ್ಟೆ."

ಸಮೀರವಾಡಿಯ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಎದುರಿಗೆ ಬರುತ್ತಿದ್ದವು. ದಾರಿ ಬಿಡಲು ಫಾದರ್ ಬೈಕನ್ನು ಬದಿಗೆ ಇಳಿಸಿದರು. ರಾಯಭಾರಿ ಬಂದ ದಿನ ಬಿಷಪ್ಪರು ನನ್ನಿಂದ ಎಷ್ಟು ದೂರ ಇದ್ದರು? ಒಂದು ಗೋಡೆ. ಒಳಗೆ ಚಹಾ ಕುಡಿಯುತ್ತಿದ್ದರು.

ಅಕ್ಕ ಹಾಸಿಗೆ ಹಿಡಿದಾಗ ಹೇಳಲೇಬೇಕು ಎಂದು ನಿರ್ಧರಿಸಿ ದಿನಾ ಜಮಖಂಡಿಯಿಂದ ಹೋಗುತ್ತಿದ್ದೆ. ಒಂದು ದಿನ ಸಂಜೆ ಬಾಯಿ ತೆರೆದೆ. "ಅಕ್ಕಾ, ಆವತ್ತು ಆ ರಾಯಭಾರಿ ಬಂದಾಗ —"

ಅವಳು ಕೈ ಎತ್ತಿ ತಡೆದಳು. ನನ್ನ ಮುಖ ನೋಡಿ, ನಾನು ಅವರ ಮೇಲೆ ಸಿಟ್ಟಾಗಿದ್ದೇನೆ ಎಂದುಕೊಂಡಳು.

"ಬಿಡೋ. ಮರತಿರ್ತಾರ. ದೊಡ್ಡವರಿಗಿ ಸಾವಿರ ಕೆಲಸ, ನಮ್ಮಂಥಾವ್ರು ಎಷ್ಟ ಮಂದಿ ಕೇಳಿರ್ತಾರೋ. ನೀ ಅವರ್ನ ಬೈಬ್ಯಾಡ. ನನಗ ಅವರ ಮ್ಯಾಲೆ ಏನೂ ಸಿಟ್ಟಿಲ್ಲ. ನನ್ನ ಕೈ ಹಿಡಕೊಂಡಿದ್ದಾ ನೋಡು, ಕಣ್ಣಾಗ ನೀರ ತಂದಿದ್ದಾ. ಸುಳ್ಳ ಹೇಳೂ ಮನಶ್ಯಾ ಅಲ್ಲ ಆಂವ."

ಹೌದಕ್ಕಾ. ಸುಳ್ಳು ಹೇಳುವ ಮನುಷ್ಯ ಅವರಲ್ಲ. ಸುಳ್ಳು ಹೇಳಿದವನು ನಿನ್ನ ಹಾಸಿಗೆಯ ಅಂಚಿಗೆ ಕೂತಿದ್ದ. ನೀನು ಆ ದಿನ ಕ್ಷಮೆ ಕೊಟ್ಟೆ, ತಪ್ಪು ಮಾಡದವರಿಗೆ ಕೊಟ್ಟೆ. ತಪ್ಪು ಮಾಡಿದವನು ನಿನ್ನ ಕಾಲು ಒತ್ತುತ್ತ ಕೇಳಿಸಿಕೊಂಡ. ಇನ್ನೊಂದು ಮಾತು ಸಾಕಿತ್ತು — ನಾಲಿಗೆಯ ತುದಿಗೆ ಬಂದಿತ್ತು — ನಾಳೆ ಹೇಳೋಣ ಎಂದುಕೊಂಡೆ. ಎರಡು ನಾಳೆಗಳು ಹೋದವು. ಮೂರನೆಯದು ಅವಳಿಗೆ ಬರಲಿಲ್ಲ.

ಅವಳನ್ನು ಮುಧೋಳದ ಕಡೆ ಒಯ್ದೆವು. ಅಲ್ಲಿ ಪಾದ್ರಿಗಳ ಒಂದು ಶಾಲೆಯ ಹಿಂದೆ ಹೂಳಲು ಜಾಗವಿದೆ. ನಮ್ಮವರಿಗೆ ಈಗ ಅದೇ ಗತಿ. ಬನಹಟ್ಟಿಯಿಂದ ಬಾಡಿಗೆ ಗಾಡಿಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಂತು ನಿಂತು. ಮಣ್ಣು ಹಾಕುವಾಗ ಅಕ್ಕನ ಮಗಳು ಫಿಲೋಮಿನಾ ಗಟ್ಟಿಯಾಗಿ ಅಂದಳು: "ಪೋಪರ ರಾಯಭಾರಿ ಅಂತ! ಮಾತು ಕೊಟ್ಟು ನಮ್ಮವ್ವನ್ನ ಹಿಂಗ ಮಾಡಿದ. ಹೋದಲ್ಲಿ ಛಲೋ ಆಗೂದಿಲ್ಲ ಅವಗ." ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು. ಮಂದಿ ಬಹಳ ದಿನದಿಂದ ಹಾಗೇ ಮಾತಾಡುತ್ತಿದ್ದರು — ದೊಡ್ಡವರ ಮಾತು ಕಾರು ಹತ್ತುವತನಕ ಎಂದು. ಎಲ್ಲೋ ದೂರದ ಒಂದು ದೇಶದಲ್ಲಿ, ಬೆನ್ನು ಇನ್ನಷ್ಟು ಬಾಗಿದ ಒಬ್ಬ ಮುದುಕ ಇದ್ದಾನೆ. ನಮ್ಮ ಊರಿನಲ್ಲಿ ಅವನ ಹೆಸರು ಮಾತು ತಪ್ಪಿದವನೆಂದು ಉಳಿದಿದೆ. ಅದು ಅವನಿಗೆ ಗೊತ್ತೂ ಇಲ್ಲ.

ಅಲ್ಲಿಯೂ ನಾನು ಬಾಯಿ ಬಿಡಲಿಲ್ಲ. ಮಣ್ಣು ಹಾಕಿದೆ.

ನಿನ್ನೆ ಫಿಲೋಮಿನಾಳ ಮನೆಗೆ ಹೋಗಿ ಹೇಳಿದೆ. ಈ ಬರವಣಿಗೆಯಲ್ಲಿ ಇರುವಷ್ಟನ್ನೂ ಹೇಳಿದೆ, ಕಾಕಾನ ಗುಡಿಸಲಿನ ರೊಟ್ಟಿಯನ್ನೂ ಬಿಡಲಿಲ್ಲ. ಅವಳು ಮಗ್ಗದ ಸ್ವಿಚ್ಚು ಬಂದ್ ಮಾಡಿ ಕೇಳಿಸಿಕೊಂಡಳು. ಕೂಗುತ್ತಾಳೆ ಎಂದುಕೊಂಡಿದ್ದೆ. ಕೂಗಲಿಲ್ಲ. ಕೇಳಿದಳು:

"ಅವ್ವಗ ಗೊತ್ತಿತ್ತೇನ ಮಾಮಾ?"

"ಇಲ್ಲವ್ವಾ."

"ಛಲೋ ಆತು," ಎಂದಳು. "ಅವ್ವ ನಿನ್ನ ಮ್ಯಾಲೆ ಜೀವಾ ಇಟ್ಟಿದ್ಲು." ಆಮೇಲೆ ಮುಖ ಆ ಕಡೆ ತಿರುಗಿಸಿ, "ನನಗ ಹೇಳಿದ್ರ ಮುಗೀತಂತ ತಿಳ್ಕೋಬ್ಯಾಡ. ಆ ಮನಶ್ಯಾಗ ಅಲ್ಲಿ ಎಲ್ಲಾರ ಮುಂದ ಬೈದೇನಿ ನಾ. ಎಲ್ಲಾರ ಮುಂದನ ಹೇಳು. ಈಗ ಹೋಗು, ನನಗ ಕೆಲಸ ಐತಿ," ಎಂದಳು. ಮಗ್ಗ ಸುರು ಮಾಡಿದಳು. ಆ ಸದ್ದಿನಲ್ಲಿ ನಾನು ಇನ್ನೇನು ಹೇಳಿದ್ದರೂ ಕೇಳುತ್ತಿರಲಿಲ್ಲ.

ಬರುವ ರವಿವಾರ ಪೂಜೆಯ ಕೊನೆಗೆ ನಿಂತು ಹೇಳುತ್ತೇನೆ. ಫಾದರ್ ಒಪ್ಪಿದ್ದಾರೆ. ಆ ರಾಯಭಾರಿ ಈಗ ಎಲ್ಲಿದ್ದಾರೋ ಅಲ್ಲಿಗೆ ಅಕ್ಕನ ಮಾತನ್ನು ಒಂದೂ ಬಿಡದೆ ಬರೆದು ಕಳಿಸುತ್ತೇನೆ. ನನ್ನ "ಅಷ್ಟೇ" ಎಂಬ ಮಾತು ಸುಳ್ಳಾಗಿತ್ತು ಎಂದೂ ಬರೆಯುತ್ತೇನೆ. ಸಿದ್ದಪ್ಪ ಕಾಕಾನ ಮಕ್ಕಳ ಮನೆಗೂ ಹೋಗಬೇಕು. ಅವರು ಕಬ್ಬು ಕಿತ್ತು ನೆಲ ಕೊಡುತ್ತಾರೆಂದಲ್ಲ. ಅವರ ತಂದೆ ಕೊಡಲು ಬಂದಿದ್ದರು, ನಾವು ಬೇಡವೆಂದದ್ದು ನನ್ನಿಂದ — ಅಷ್ಟು ಅವರಿಗೆ ಗೊತ್ತಿರಬೇಕು. ಬಿಷಪ್ಪರ ಹತ್ತಿರವೂ, ಕಚೇರಿಗಳಿಗೂ ಓಡಾಡುತ್ತೇನೆ. ಜಾಗ ಸಿಗಬಹುದು. ಸಿಕ್ಕರೆ ನಮ್ಮ ಮುಂದಿನವರಿಗೆ ಸಿಗುತ್ತದೆ.

ಅಕ್ಕನಿಗೆ ಸಿಗುವುದಿಲ್ಲ. ಅವಳು ಮುಧೋಳದ ಆಚೆ ಇದ್ದಾಳೆ, ಮಾಮಾ ಬನಹಟ್ಟಿಯ ಹಳ್ಳದ ದಂಡೆಯಲ್ಲಿ. ಗೋರಿಗೆ ಹೂ ಇಡಬೇಕೆಂದರೆ ಈಗ ಬಸ್ಸು ಬದಲಿಸಿ ಎರಡು ಕಡೆ ಹೋಗಬೇಕು. ಇಬ್ಬರ ನಡುವಿನ ಅಷ್ಟು ದಾರಿಯೂ ನಾನು ಹಾಕಿದ್ದು.